ಜಂತುಹುಳದ ಮಾತ್ರೆ ಬಂತು, ಕನ್ನಡದ ಚೀಟಿ ಎಲ್ಲಿ?



ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ ಇವತ್ತೇ ಒಂದು ಕೆಲಸ ಮಾಡಿ. ಕಳೆದ ಸಲ ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುವ ಮುಂಚೆ ಮಗುವಿನ ಕೈಯಲ್ಲಿ ಒಂದು ಚೀಟಿ ಬಂದಿರಬಹುದು. ಅದನ್ನು ಹುಡುಕಿ ತೆಗೆಯಿರಿ. ಅದು ಯಾವ ಭಾಷೆಯಲ್ಲಿದೆ ನೋಡಿ. ಮನೆಯ ತಾಯಿಗೆ ಅದನ್ನು ಓದಲು ಬರುತ್ತದೆಯೇ ಕೇಳಿ. ಕನ್ನಡದಲ್ಲಿದ್ದರೆ ನಿಮ್ಮ ಊರಿನ ಅಧಿಕಾರಿಗಳಿಗೆ ನನ್ನ ನಮಸ್ಕಾರ; ದಯವಿಟ್ಟು ಅದರ ಒಂದು ಪ್ರತಿಯನ್ನು ಈ ಪತ್ರಿಕೆಗೆ ಕಳುಹಿಸಿಕೊಡಿ, ಉಳಿದವರಿಗೆ ಮಾದರಿಯಾಗಲಿ. ಇಲ್ಲವಾದರೆ ಮುಂದೆ ಓದಿ. ನಾನು ಹೇಳಹೊರಟಿರುವುದು ನಿಮ್ಮ ಮಗುವಿನ ಹೊಟ್ಟೆಯ ವಿಷಯ. ಅದೇ ನಿಮ್ಮ ಭಾಷೆಯ ಹಕ್ಕಿನ ವಿಷಯವೂ ಹೌದು.

ನಾನು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಿಕೆ. ಕೆಲವು ವರ್ಷಗಳ ಹಿಂದೆ ನನ್ನ ಆರನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಂದೆಗೆ ಅಡಿಕೆ ತೋಟದಲ್ಲಿ ಕೂಲಿ, ತಾಯಿ ಮನೆಯಲ್ಲಿ ಬೀಡಿ ಕಟ್ಟುವವರು. ಮಧ್ಯಾಹ್ನದ ಊಟ ಆದ ಮೇಲೆ ಹುಡುಗಿ ಬೆಂಚಿಗೆ ತಲೆಯಿಟ್ಟು ಮಲಗಿಬಿಡುತ್ತಿದ್ದಳು. ಆಟದ ಪಿರಿಯಡ್ಡಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು. ಮೆಟ್ಟಿಲು ಹತ್ತಿ ಬಂದರೆ ಏದುಸಿರು ಬಿಡುತ್ತಿದ್ದಳು. ನಾನು ಅವಳನ್ನು ಸೋಮಾರಿ ಎಂದು ತರಗತಿಯ ಎದುರಿಗೇ ಎರಡು ಸಲ ಬೈದಿದ್ದೇನೆ. ಕರಿಹಲಗೆಯ ಕೆಳಗಿಟ್ಟ ಸೀಮೆಸುಣ್ಣದ ತುಂಡುಗಳನ್ನು ಅವಳು ಕದ್ದು ತಿನ್ನುತ್ತಾಳೆಂದು ಗೊತ್ತಾದಾಗಲೂ ಬೈದೆ. ಬಿ.ಎಡ್. ಓದುವಾಗ ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಬಗ್ಗೆ ನಮಗೆ ಪುಟಗಟ್ಟಲೆ ಪಾಠ ಮಾಡಿದ್ದರು. ರಕ್ತವಿಲ್ಲದ ಮಗುವಿನ ಮುಖ ಹೇಗಿರುತ್ತದೆ, ಮಣ್ಣು ಸುಣ್ಣ ತಿನ್ನುವ ಮಗುವನ್ನು ಮೊದಲು ಎಲ್ಲಿಗೆ ಕಳುಹಿಸಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಪ್ರಾರ್ಥನೆಗೆ ನಿಂತಿದ್ದಾಗ ಅವಳು ತಲೆ ತಿರುಗಿ ಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಹಿಮೋಗ್ಲೋಬಿನ್ 6.8. ಆ ಪ್ರಾಯದ ಮಗುವಿಗೆ 11.5ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 8ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಮಲ ಪರೀಕ್ಷೆಯಲ್ಲಿ ಕೊಕ್ಕೆಹುಳದ ಮೊಟ್ಟೆಗಳು ಕಂಡವು.

ಆ ಸಂಜೆ ನಾನು ಅವರ ಮನೆಗೆ ಹೋದೆ. ವರ್ಷಕ್ಕೆ ಎರಡು ಸಲ ಶಾಲೆಯಲ್ಲಿ ಮಾತ್ರೆ ಕೊಡುತ್ತೇವಲ್ಲ, ಇವಳು ಯಾಕೆ ತೆಗೆದುಕೊಂಡಿಲ್ಲ ಎಂದು ಕೇಳಿದೆ. ತಾಯಿ ಬೀಡಿ ಎಲೆಯ ಗೆರಸೆಯ ಕೆಳಗಿಂದ ಎರಡು ಚೀಟಿ ತೆಗೆದರು. ಎರಡನ್ನೂ ಮಡಚಿ ಜೋಪಾನವಾಗಿ ಇಟ್ಟಿದ್ದರು.

"ಟೀಚರ್, ಕಾಗದ ಬಂದಿತ್ತು. ನನಗೆ ಓದ್ಲಿಕ್ಕೆ ಗೊತ್ತಾಗ್ಲಿಲ್ಲ. ಆ ಮಾತ್ರೆ ತಿಂದ್ರೆ ವಾಂತಿ ಆಗ್ತದೆ ಅಂತ ಯಾರೋ ಹೇಳಿದ್ರು. ಹಾಗೆ ಆ ದಿನ ಶಾಲೆಗೆ ಕಳಿಸ್ಲಿಲ್ಲ."

ಚೀಟಿ ಮಲಯಾಳದಲ್ಲಿತ್ತು. ಅದರ ಕೊನೆಯ ಸಾಲುಗಳಲ್ಲಿ ಏನಿತ್ತು ಗೊತ್ತೇ? ಹೊಟ್ಟೆಯಲ್ಲಿ ಹುಳ ಹೆಚ್ಚಿದ್ದ ಮಕ್ಕಳಿಗೆ ಮಾತ್ರೆ ತಿಂದ ಮೇಲೆ ಸ್ವಲ್ಪ ವಾಕರಿಕೆ, ಹೊಟ್ಟೆನೋವು ಬರಬಹುದು, ಅದು ತಾನಾಗಿ ಹೋಗುತ್ತದೆ, ಹೆದರಬೇಡಿ ಎಂದಿತ್ತು. ಆ ತಾಯಿಯ ಭಯಕ್ಕೆ ಬೇಕಾಗಿದ್ದ ಉತ್ತರ ಆ ತಾಯಿಯ ಮನೆಯಲ್ಲೇ ಇತ್ತು. ಅವರು ಅನಕ್ಷರಸ್ಥೆಯಲ್ಲ. ನಮ್ಮದೇ ಶಾಲೆಯಲ್ಲಿ ಏಳನೆಯವರೆಗೆ ಕನ್ನಡದಲ್ಲಿ ಓದಿದವರು. ಕನ್ನಡ ಪೇಪರು ಸಿಕ್ಕಿದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಸರಕಾರ ತಾನೇ ಕನ್ನಡದಲ್ಲಿ ಓದಿಸಿದ ಹೆಂಗಸಿನ ಕೈಗೆ ಸರಕಾರವೇ ಅವರಿಗೆ ಓದಲಾಗದ ಕಾಗದ ಕೊಟ್ಟಿತು. ಆ ಕಾಗದ ಹಂಚಿದವಳು ನಾನು. ನನಗೆ ಮಲಯಾಳ ಓದಲು ಬರುತ್ತದೆ. ತರಗತಿಯಲ್ಲಿ ಎರಡು ನಿಮಿಷ ನಿಂತು ಅದನ್ನು ಕನ್ನಡದಲ್ಲಿ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಹುಳಕ್ಕೆ ಭಾಷೆ ಯಾಕೆ ಎನ್ನುವವರಿಗೆ

ಈ ಮಾತು ಎತ್ತಿದರೆ ಬರುವ ಉತ್ತರಗಳು ನನಗೆ ಬಾಯಿಪಾಠವಾಗಿವೆ. "ಟೀಚರ್, ಹುಳಕ್ಕೆ ಬೇಕಾದದ್ದು ಮಾತ್ರೆ. ಅದರಲ್ಲಿ ಕನ್ನಡ, ಮಲಯಾಳ ಅಂತ ಯಾಕೆ ರಾಜಕೀಯ ತರುತ್ತೀರಿ?" ಎನ್ನುತ್ತಾರೆ. ಹೌದು, ಹುಳಕ್ಕೆ ಬೇಕಾದದ್ದು ಮಾತ್ರೆ. ಆದರೆ ಮಗುವನ್ನು ಆ ದಿನ ಶಾಲೆಗೆ ಕಳುಹಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ತಾಯಿ. ಅವರಿಗೆ ಬೇಕಾದದ್ದು ಮಾತು. ಮಾತ್ರೆ ಸರಕಾರಿ ಗಾಡಿಯಲ್ಲಿ ಬರುತ್ತದೆ. ಸುಳ್ಳು ಸುದ್ದಿ ಮನೆಯ ಭಾಷೆಯಲ್ಲಿ ಬರುತ್ತದೆ. ಯಾವುದು ಮೊದಲು ಮನೆ ಮುಟ್ಟುತ್ತದೆ, ನೀವೇ ಹೇಳಿ.

ಇನ್ನು ಕೆಲವರು, "1956ರಿಂದ ಈ ರಾಜ್ಯದಲ್ಲಿದ್ದೀರಿ, ಇನ್ನೂ ಭಾಷೆ ಕಲಿತಿಲ್ಲವೇ?" ಎಂದು ಕೇಳುತ್ತಾರೆ. ಕಲಿಯುತ್ತಿದ್ದೇವೆ. ನಮ್ಮ ಮಕ್ಕಳು ಕಲಿಯುತ್ತಿದ್ದಾರೆ. ರಾಜ್ಯದ ಭಾಷೆ ಕಲಿಯುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ತಾಯಿ ಮಲಯಾಳ ಕಲಿಯುವ ತನಕ ಕೊಕ್ಕೆಹುಳ ಕಾಯುವುದಿಲ್ಲ. ಒಬ್ಬ ಹೆಂಗಸು ಪೇಟೆಯಲ್ಲಿ ಮಲಯಾಳ ಮಾತಾಡಿ ಮೀನು ಕೊಳ್ಳಬಹುದು. ಅದರಿಂದ ಮುದ್ರಿತ ಮಲಯಾಳದಲ್ಲಿ ಔಷಧದ ಪ್ರಮಾಣ, ಎಚ್ಚರಿಕೆ, ಅಡ್ಡ ಪರಿಣಾಮ ಓದಿ ತಿಳಿದುಕೊಳ್ಳಲು ಬರುತ್ತದೆ ಎಂದಾಗುವುದಿಲ್ಲ. ಬೀದಿಯ ಮಾತು ಬೇರೆ, ಲಿಪಿ ಬೇರೆ.

ಮೂರನೆಯ ಉತ್ತರ ಹಣದ್ದು. ಕನ್ನಡದಲ್ಲಿ ಮುದ್ರಿಸಲು ಅನುದಾನವಿಲ್ಲವಂತೆ! ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕೇರಳ ಸರಕಾರ ಪಠ್ಯಪುಸ್ತಕಗಳನ್ನು ಕನ್ನಡದಲ್ಲಿ ಮುದ್ರಿಸುತ್ತದೆ. ಮಹಾರಾಷ್ಟ್ರದ ಬಾಲಭಾರತಿಯೂ ಮುದ್ರಿಸುತ್ತದೆ. ನೂರು ಪುಟದ ವಿಜ್ಞಾನ ಪುಸ್ತಕವನ್ನು ಕನ್ನಡಕ್ಕೆ ತರಬಲ್ಲವರಿಗೆ ಒಂದು ಪುಟದ ಚೀಟಿ ತರುವುದು ಕಷ್ಟವೇ? ಶಾಲೆಗೊಂದು ಅಂಚೆಯಲ್ಲಿ ಕಳುಹಿಸಿದರೆ ನಾವೇ ಪ್ರತಿ ಮಾಡಿಸಿಕೊಳ್ಳುತ್ತೇವೆ. ಇಲ್ಲಿ ಕೊರತೆಯಾದದ್ದು ಹಣವಲ್ಲ, ಈ ಮನೆಗಳಲ್ಲಿ ಕನ್ನಡ ಓದುವ ಜನ ಇದ್ದಾರೆಂಬ ನೆನಪು.

ಆ ಚೀಟಿಯಲ್ಲಿ ಇರಬೇಕಾದದ್ದು

ಸರಕಾರ ಮುದ್ರಿಸುವ ತನಕ ನಾವು ಬಾಯಿ ಮುಚ್ಚಿ ಕೂರಬೇಕಾಗಿಲ್ಲ. ಆ ಚೀಟಿಯಲ್ಲಿ ಏನಿರಬೇಕಿತ್ತೋ ಅದನ್ನು ಇಲ್ಲಿ ಬರೆಯುತ್ತೇನೆ. ಬೇಕಿದ್ದರೆ ಈ ಭಾಗವನ್ನು ಕತ್ತರಿಸಿ ಶಾಲೆಯ ಗೋಡೆಗೆ ಅಂಟಿಸಿ.

ಹುಳಗಳಲ್ಲಿ ಮುಖ್ಯವಾಗಿ ಮೂರು ಜಾತಿ ಮಣ್ಣಿನಿಂದ ಹರಡುತ್ತವೆ: ದುಂಡುಹುಳ, ಚಾಟಿಹುಳ, ಕೊಕ್ಕೆಹುಳ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಇವುಗಳ ಸೋಂಕಿದೆ. ಆದ್ದರಿಂದ ಮಗುವಿಗೆ ಹುಳ ಇದೆ ಎಂದರೆ ನಾಚಿಕೆಪಡಬೇಕಾಗಿಲ್ಲ.

ದುಂಡುಹುಳ ಎರೆಹುಳದಂತೆ ಕಾಣುತ್ತದೆ. ಗೇಣಿಗಿಂತ ಉದ್ದ ಬೆಳೆಯುವುದುಂಟು. ಹೆಣ್ಣುಹುಳ ಒಂದು ದಿನಕ್ಕೆ 2 ಲಕ್ಷದಷ್ಟು ಮೊಟ್ಟೆ ಇಡಬಲ್ಲದು. ಮೊಟ್ಟೆಗಳು ಮಲದ ಮೂಲಕ ಮಣ್ಣು ಸೇರಿ ಕೆಲವು ವಾರಗಳಲ್ಲಿ ಬಲಿತು, ತೊಳೆಯದ ಕೈ, ತರಕಾರಿ, ನೀರಿನ ಮೂಲಕ ಇನ್ನೊಬ್ಬರ ಬಾಯಿಗೆ ಹೋಗುತ್ತವೆ. ತೇವದ ನೆಲದಲ್ಲಿ ಅವು ವರ್ಷಗಟ್ಟಲೆ ಬದುಕಬಲ್ಲವು. ಹೊಟ್ಟೆನೋವು, ಹಸಿವಿಲ್ಲದಿರುವುದು, ಹೊಟ್ಟೆ ಉಬ್ಬುವುದು, ಮಲದಲ್ಲಿ ಅಥವಾ ವಾಂತಿಯಲ್ಲಿ ಹುಳ ಬೀಳುವುದು ಇದರ ಲಕ್ಷಣ. ಹುಳಗಳು ಗಂಟುಕಟ್ಟಿ ಕರುಳನ್ನು ಮುಚ್ಚಿದರೆ ವಿಪರೀತ ನೋವು ಬರುತ್ತದೆ, ವಾಂತಿ ನಿಲ್ಲುವುದಿಲ್ಲ, ಮಲವಾಗಲಿ ವಾಯುವಾಗಲಿ ಹೋಗುವುದಿಲ್ಲ. ಆಗ ಮನೆಮದ್ದು ಬೇಡ, ನೇರ ಆಸ್ಪತ್ರೆಗೆ ಓಡಿ.

ಚಾಟಿಹುಳ ಹೆಚ್ಚಾದರೆ ಲೋಳೆ, ರಕ್ತ ಬೆರೆತ ಭೇದಿ ಆಗುತ್ತದೆ. ಮಗು ಮುಕ್ಕಿ ಮುಕ್ಕಿ ಗುದ ಹೊರಗೆ ಬರುವುದೂ ಇದೆ.

ಕೊಕ್ಕೆಹುಳದ ದಾರಿ ಬೇರೆ. ಇದು ಹೆಚ್ಚಾಗಿ ಬರಿಗಾಲಿನ ಚರ್ಮವನ್ನು ತೂರಿ ಒಳಗೆ ಬರುತ್ತದೆ. ಬಯಲಿನಲ್ಲಿ ಬಿದ್ದ ಮಲದಲ್ಲಿದ್ದ ಮೊಟ್ಟೆ ಒಂದೆರಡು ದಿನಗಳಲ್ಲಿ ಒಡೆದು, ಸುಮಾರು ಐದರಿಂದ ಹತ್ತು ದಿನಗಳಲ್ಲಿ ಮರಿಹುಳ ಚರ್ಮ ಕೊರೆಯಲು ಸಿದ್ಧವಾಗುತ್ತದೆ. ಕಾಲಿನಿಂದ ರಕ್ತಕ್ಕೆ, ರಕ್ತದಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ ಹತ್ತಿ, ನುಂಗಿದಾಗ ಕರುಳಿಗೆ ಇಳಿಯುತ್ತದೆ. ಕರುಳಿನ ಗೋಡೆ ಕಚ್ಚಿ ರಕ್ತ ಹೀರುತ್ತದೆ. ಒಂದು ಹುಳ ದಿನಕ್ಕೆ ಕಳೆಯುವ ರಕ್ತ ಜಾತಿಗೆ ಅನುಸಾರವಾಗಿ 0.03ರಿಂದ 0.2 ಮಿಲಿಲೀಟರಿನಷ್ಟು. ಅದೇನು ಮಹಾ ಎನ್ನಬೇಡಿ. ಕಡಿಮೆ ಹೀರುವ ಜಾತಿಯ ನೂರು ಹುಳ ಇದ್ದರೂ ತಿಂಗಳಿಗೆ 90 ಮಿಲಿಲೀಟರು ಹೋಯಿತು. ತಟ್ಟೆಯಲ್ಲಿ ಗಂಜಿ ಚಟ್ನಿಯೇ ಹೆಚ್ಚಾಗಿರುವ ಮಗು ಅಷ್ಟು ರಕ್ತವನ್ನು ಎಲ್ಲಿಂದ ತುಂಬಿಕೊಳ್ಳಬೇಕು?

ಕೊಕ್ಕೆಹುಳಕ್ಕೆ ಬೇಕಾದದ್ದು ಬೆಚ್ಚಗಿನ, ತೇವದ, ನೆರಳಿನ ಮಣ್ಣು. ಕಾಸರಗೋಡಿನ ಅಡಿಕೆ ತೋಟ, ವಯನಾಡಿನ ಕಾಫಿ ತೋಟ ಎಂದರೆ ಇದೇ ಅಲ್ಲವೇ? ನಮ್ಮ ಮಕ್ಕಳು ರಜೆಯಲ್ಲಿ ಅಡಿಕೆ ಹೆಕ್ಕಲು ಬರಿಗಾಲಿನಲ್ಲಿ ಇಳಿಯುತ್ತಾರೆ. ಕಾಲಿನ ಬೆರಳ ಸಂದಿನಲ್ಲಿ ತುರಿಕೆ, ಸಣ್ಣ ಗುಳ್ಳೆ, ವಾರಗಳ ಮೇಲೆ ಬಿಳಿಚಿದ ಮುಖ, ರೆಪ್ಪೆಯ ಒಳಗಿನ ಕೆಂಪು ಮಾಸುವುದು, ಸುಸ್ತು, ಏದುಸಿರು, ಮಣ್ಣು ಸುಣ್ಣ ತಿನ್ನುವ ಚಪಲ ಕಂಡರೆ ಮಗುವಿನ ರಕ್ತ, ಮಲ ಎರಡನ್ನೂ ಪರೀಕ್ಷೆ ಮಾಡಿಸಿ. ಜತ್ತ, ಅಕ್ಕಲಕೋಟೆ, ಮಡಕಶಿರದ ಒಣನೆಲದಲ್ಲಿ ಕೊಕ್ಕೆಹುಳಕ್ಕೆ ಅಷ್ಟು ಅನುಕೂಲವಿಲ್ಲ. ಆದರೆ ಕೈಯಿಂದ ಬಾಯಿಗೆ ಹೋಗುವ ಹುಳಗಳಿಗೆ ಮಳೆಯ ಹಂಗಿಲ್ಲ. ನೀರು ಕಡಿಮೆಯಾದಲ್ಲಿ ಕೈ ತೊಳೆಯುವುದೂ ಕಡಿಮೆಯಾಗುತ್ತದೆ.

ಇವುಗಳಲ್ಲದೆ ಸೂಜಿಹುಳ ಇದೆ: ಬಿಳಿ ದಾರದ ತುಂಡಿನ ಹಾಗೆ, ಒಂದು ಸೆಂಟಿಮೀಟರಿನಷ್ಟು. ರಾತ್ರಿ ಹೊತ್ತು ಗುದದ ಸುತ್ತ ಮೊಟ್ಟೆ ಇಡುತ್ತದೆ. ಮಗು ನಿದ್ದೆಯಲ್ಲಿ ತುರಿಸಿಕೊಳ್ಳುತ್ತದೆ; ಉಗುರಿನ ಸಂದಿನಿಂದ ಮೊಟ್ಟೆ ಮತ್ತೆ ಬಾಯಿಗೂ ಹಾಸಿಗೆಗೂ ಹೋಗುತ್ತದೆ. ಒಂದು ಮಗುವಿಗಿದ್ದರೆ ಮನೆಮಂದಿಗೆಲ್ಲ ಒಂದೇ ದಿನ ಔಷಧ ಕೊಟ್ಟು, ಎರಡು ವಾರದ ಮೇಲೆ ಇನ್ನೊಮ್ಮೆ ಕೊಡಬೇಕು. ಆ ದಿನಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ತೊಳೆಸಿ, ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ.

ಬೆಲ್ಲ, ಮಿಠಾಯಿ ತಿಂದರೆ ಹುಳ ಹುಟ್ಟುತ್ತದೆ ಎನ್ನುವುದು ಸುಳ್ಳು. ರಾತ್ರಿ ಹಲ್ಲು ಕಡಿಯುವುದು, ಮುಖದ ಮೇಲಿನ ಬಿಳಿ ಮಚ್ಚೆ, ಇವು ಹುಳ ಇರುವುದಕ್ಕೆ ಸಾಕ್ಷಿಯಲ್ಲ. ಇನ್ನೊಂದು ಮಾತು: ಹುಳ ಇರುವ ಎಷ್ಟೋ ಮಕ್ಕಳಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಆದ್ದರಿಂದಲೇ ಪರೀಕ್ಷೆಗೆ ಕಾಯದೆ ಎಲ್ಲ ಮಕ್ಕಳಿಗೂ ಮಾತ್ರೆ ಕೊಡುವುದು.

ಮಾತ್ರೆಯ ವಿಷಯ

ರಾಷ್ಟ್ರೀಯ ಜಂತುಹುಳ ನಿವಾರಣಾ ದಿನ 2015ರ ಫೆಬ್ರವರಿಯಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ 2016ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10. ಕೆಲವು ರಾಜ್ಯಗಳಲ್ಲಿ ದಿನಾಂಕ ಹಿಂದೆಮುಂದೆ ಆಗುವುದುಂಟು. ಆ ದಿನ ಬಾರದ ಮಕ್ಕಳಿಗೆ ಕೆಲವು ದಿನಗಳ ಮೇಲೆ ಇನ್ನೊಂದು ದಿನ ಇಟ್ಟಿರುತ್ತಾರೆ. 1ರಿಂದ 19 ವರ್ಷದವರಿಗೆಲ್ಲ ಉಚಿತ. ಔಷಧದ ಹೆಸರು ಅಲ್ಬೆಂಡಜೋಲ್, 400 ಮಿಲಿಗ್ರಾಂ. 2 ವರ್ಷದ ಮೇಲಿನವರಿಗೆ ಒಂದು ಮಾತ್ರೆ; 1ರಿಂದ 2 ವರ್ಷದ ಮಗುವಿಗೆ ಅರ್ಧ. ಚಿಕ್ಕ ಮಕ್ಕಳಿಗೆ ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡಬೇಕು. ಅಳುವ ಮಗುವಿನ ಮೂಗು ಹಿಡಿದು ಹಾಕಬಾರದು; ಗಂಟಲಿನಲ್ಲಿ ಸಿಕ್ಕಿ ಉಸಿರು ಕಟ್ಟುವ ಅಪಾಯವಿದೆ. ದೊಡ್ಡವರು ಜಗಿದು ತಿನ್ನಬೇಕು. ಉಪವಾಸ ಬೇಕಾಗಿಲ್ಲ. ಮಾತ್ರೆಯನ್ನು ಮನೆಗೆ ಕೊಟ್ಟು ಕಳುಹಿಸದೆ ಟೀಚರ ಎದುರಿಗೇ ತಿನ್ನಿಸಬೇಕು.

ಆ ದಿನ ಮಗುವಿಗೆ ಜ್ವರ ಅಥವಾ ಬೇರೆ ಕಾಯಿಲೆ ಇದ್ದರೆ, ಬೇರೆ ಔಷಧ ನಡೆಯುತ್ತಿದ್ದರೆ ಮೊದಲು ಹೇಳಿ. ಅಪಸ್ಮಾರ, ಫಿಟ್ಸ್ ಬರುವ ಮಗುವನ್ನು ವೈದ್ಯರಿಗೆ ತೋರಿಸದೆ ಮಾತ್ರೆ ಕೊಡಿಸಬೇಡಿ. ಲಾಡಿಹುಳದ ಒಂದು ಜಾತಿಯ ಮರಿಗಳು ಮಿದುಳಿನಲ್ಲಿ ಗೂಡುಕಟ್ಟಿ ಫಿಟ್ಸ್ ತರುವುದುಂಟು. ಅಂಥವರಿಗೆ ಈ ಔಷಧವನ್ನು ವೈದ್ಯರ ಕಣ್ಣಳತೆಯಲ್ಲೇ ಕೊಡಬೇಕು. ನಾವು ಹಂದಿಮಾಂಸ ಮುಟ್ಟುವವರಲ್ಲ, ನಮಗೆ ಅದು ಬರುವುದಿಲ್ಲ ಎನ್ನುವವರು ಕೇಳಿ: ಆ ಮೊಟ್ಟೆ ಬರುವುದು ಹುಳವಿರುವ ಮನುಷ್ಯನ ಮಲದಿಂದ, ತೊಳೆಯದ ಕೈ ಮತ್ತು ಸೊಪ್ಪಿನ ಮೂಲಕ. ಸಸ್ಯಾಹಾರಿಗೂ ಬರುತ್ತದೆ. ಈ ಎಚ್ಚರಿಕೆಯೂ ತಾಯಿಗೆ ಓದಲಾಗದ ಲಿಪಿಯಲ್ಲಿದ್ದರೆ ಗತಿಯೇನು, ಯೋಚಿಸಿ.

ಗರ್ಭಿಣಿಯರು ಮೊದಲ ಮೂರು ತಿಂಗಳಲ್ಲಿ ಈ ಔಷಧ ತೆಗೆದುಕೊಳ್ಳಬಾರದು. ಅಮೀಬಾದಿಂದ ಬರುವ ಆಮಶಂಕೆಗೆ ಇದು ಮದ್ದಲ್ಲ. ಅದಕ್ಕೆ ವೈದ್ಯರೇ ಬೇಕು. ಒಂದೇ ಮಾತ್ರೆಗೆ ದುಂಡುಹುಳ ಚೆನ್ನಾಗಿ ಬಗ್ಗುತ್ತದೆ; ಚಾಟಿಹುಳ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ರಕ್ತ ಈಗಾಗಲೇ ಇಳಿದಿದ್ದರೆ ಹುಳ ಸತ್ತ ಮಾತ್ರಕ್ಕೆ ಏರುವುದಿಲ್ಲ. ಕಬ್ಬಿಣಾಂಶದ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ತಿಂಗಳು ತಿನ್ನಲೇಬೇಕು, ಅದರ ಜೊತೆಗೆ ಚಹಾ ಕುಡಿಯಬಾರದು. ನನ್ನ ತರಗತಿಯ ಹುಡುಗಿ ಹಾಗೆಯೇ ಸುಧಾರಿಸಿದಳು. ಮರುವರ್ಷ ಆಟದ ಪಿರಿಯಡ್ಡಿನಲ್ಲಿ ಅವಳು ಗೋಡೆಗೆ ಒರಗಿ ಕೂತದ್ದನ್ನು ನಾನು ನೋಡಲಿಲ್ಲ.

ಮಾತ್ರೆ ಇವತ್ತಿನ ಹುಳವನ್ನು ಕೊಲ್ಲುತ್ತದೆ. ನಾಳೆ ಬರುವುದನ್ನು ತಡೆಯುವುದಿಲ್ಲ. ತಡೆಯಬೇಕಾದರೆ ಕಾಲಿಗೆ ಚಪ್ಪಲಿ ಬೇಕು, ತೋಟದಲ್ಲಂತೂ ಬೇಕೇ ಬೇಕು. ಎಲ್ಲರೂ ಪಾಯಿಖಾನೆ ಬಳಸಬೇಕು. ಎಳೆ ಮಗುವಿನ ಮಲಕ್ಕೆ ದೋಷವಿಲ್ಲ ಎಂದು ತೋಡಿಗೋ ತೆಂಗಿನ ಬುಡಕ್ಕೋ ಹಾಕುವ ಅಭ್ಯಾಸ ಬಿಡಬೇಕು. ಅದರಲ್ಲೂ ಮೊಟ್ಟೆ ಇರುತ್ತದೆ. ಊಟಕ್ಕೆ ಮುಂಚೆ, ಶೌಚದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ವಾರಕ್ಕೊಮ್ಮೆ ಉಗುರು ಕತ್ತರಿಸಬೇಕು. ಹಸಿ ತಿನ್ನುವ ತರಕಾರಿಯನ್ನು ಚೆನ್ನಾಗಿ ತೊಳೆಯಬೇಕು, ಕುಡಿಯುವ ನೀರನ್ನು ಕುದಿಸಬೇಕು. ಶಾಲೆಯ ಶೌಚಾಲಯಕ್ಕೆ ಬೀಗ ಹಾಕಿ, ಕೀಲಿಕೈ ಆಫೀಸಿನ ಮೊಳೆಯಲ್ಲಿ ನೇತಾಡುವ ಪದ್ಧತಿ ಎಲ್ಲಿದೆಯೋ ಅಲ್ಲಿ ಅದೂ ನಿಲ್ಲಬೇಕು.

ಹಕ್ಕು ಇದೆ, ಕೇಳುವವರಿಲ್ಲ

ಕನ್ನಡದ ಚೀಟಿ ಕೇಳುವುದು ಭಿಕ್ಷೆಯಲ್ಲ. 1956ರ ಏಳನೇ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನಕ್ಕೆ 350ಎ ವಿಧಿ ಸೇರಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಸಿಗುವಂತೆ ರಾಜ್ಯಗಳು ಸೌಲಭ್ಯ ಒದಗಿಸಬೇಕು. ಅದೇ ತಿದ್ದುಪಡಿಯ 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಹುದ್ದೆ ಬಂತು. 1956ರ ಜ್ಞಾಪನ ಪತ್ರ, 1961ರ ಮುಖ್ಯಮಂತ್ರಿಗಳ ಸಮ್ಮೇಳನ ಇತ್ಯಾದಿಗಳಿಂದ ರೂಪುಗೊಂಡ ರಕ್ಷಣಾ ಯೋಜನೆಯಲ್ಲಿ, ಒಂದು ತಾಲೂಕು ಅಥವಾ ಪಟ್ಟಣದಲ್ಲಿ ಭಾಷಾ ಅಲ್ಪಸಂಖ್ಯಾತರು ಶೇಕಡಾ 15ರಿಂದ 20ರಷ್ಟಿದ್ದರೆ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸಬೇಕು ಎಂದಿದೆ. ಮಗುವಿನ ಹೊಟ್ಟೆಗೆ ಹೋಗುವ ಔಷಧದ ಪ್ರಕಟಣೆ ಮುಖ್ಯವಲ್ಲದಿದ್ದರೆ ಮತ್ತೆ ಯಾವುದು ಮುಖ್ಯ? ಹರಾಜಿನ ನೋಟೀಸೇ?

ದೂರನ್ನು ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬ ಅಳುಕು ಬೇಡ. ಕುಂದುಕೊರತೆಯ ಅರ್ಜಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು 350ನೇ ವಿಧಿಯಲ್ಲಿದೆ. ಕೇರಳದಲ್ಲಂತೂ 1969ರ ಅಧಿಕೃತ ಭಾಷಾ ಕಾಯ್ದೆಯೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡಬಹುದೆಂದು ಹೇಳಿದೆ.

ನಾವು ಕೇಳುವುದನ್ನು ಇತರರಿಗೂ ಕೊಡಬೇಕು. ಬೆಳಗಾವಿಯ ಮರಾಠಿ ಶಾಲೆಯ ತಾಯಿಗೆ ಮರಾಠಿಯಲ್ಲಿ, ಕೋಲಾರದ ಗಣಿ ಪ್ರದೇಶದ ತಮಿಳು ತಾಯಿಗೆ ತಮಿಳಿನಲ್ಲಿ ಈ ಚೀಟಿಯನ್ನು ಕರ್ನಾಟಕ ಸರಕಾರ ಕೊಡಬೇಕೆಂದು ನಾವೇ ಮೊದಲು ಹೇಳಬೇಕು. ಹಾಗೆ ಹೇಳಿದಾಗ ಮಾತ್ರ ತಿರುವನಂತಪುರದಲ್ಲಿ, ಮುಂಬಯಿಯಲ್ಲಿ, ಚೆನ್ನೈಯಲ್ಲಿ, ಅಮರಾವತಿಯಲ್ಲಿ ನಮ್ಮ ಮಾತಿಗೆ ಬೆಲೆ ಬರುತ್ತದೆ.

ನಮ್ಮ ಪಾಲಿನ ತಪ್ಪು

ಈಗ ನಮ್ಮವರ ಬಗ್ಗೆ. ಇದು ಕಹಿಯಾದರೂ ಹೇಳಲೇಬೇಕು. ನಾವು ನಾಮಫಲಕಕ್ಕಾಗಿ ಧರಣಿ ಕೂತಿದ್ದೇವೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಹಾಕಿದಾಗ ಬೀದಿಗಿಳಿದಿದ್ದೇವೆ. ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಅತಿಥಿಗಳನ್ನು ಕರೆಸಿ ಶಾಲು ಹೊದಿಸಿದ್ದೇವೆ. ಇವೆಲ್ಲ ಬೇಕು, ನಾನೂ ಇದ್ದೆ. ಆದರೆ ಇಷ್ಟು ವರ್ಷಗಳಲ್ಲಿ ನಾನು ಕೂತ ಯಾವ ಸಭೆಯಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿ ಕನ್ನಡದಲ್ಲಿರಲಿ ಎಂಬ ಠರಾವು ಬಂದದ್ದು ನೆನಪಿಲ್ಲ. ಆ ಠರಾವು ನಾನೂ ತಂದಿಲ್ಲ. ಕನ್ನಡ ಎಂದರೆ ವೇದಿಕೆಯ ಮೇಲಿನ ಭಾಷಣ ಎಂದುಕೊಂಡೆವು. ಔಷಧದ ಚೀಟಿ, ರೇಶನ್ ಅಂಗಡಿಯ ಬೋರ್ಡು, ಆಸ್ಪತ್ರೆಯ ಸರದಿ ಚೀಟಿಯಲ್ಲೂ ಕನ್ನಡ ಬೇಕು ಎನ್ನುವುದನ್ನು ಮರೆತೆವು.

ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಡಿವಿಷನ್ ಹೋಗುತ್ತಿದೆ ಎಂದು ನಾವು ಅಧ್ಯಾಪಕರು ಪ್ರತಿ ಜೂನ್ ತಿಂಗಳಲ್ಲಿ ಮನೆಮನೆ ತಿರುಗುತ್ತೇವೆ. ಹೆತ್ತವರು ನಮ್ಮನ್ನು ಕೇಳುತ್ತಾರೆ: "ಕನ್ನಡದಲ್ಲಿ ಕಲಿತು ನಮಗೆ ಏನು ಸಿಕ್ಕಿತು?" ಕನ್ನಡದಲ್ಲಿ ಏಳನೆಯವರೆಗೆ ಓದಿದ ತಾಯಿ ತನ್ನ ಮಗಳ ಮದ್ದಿನ ಕಾಗದ ಓದಲಾಗದೆ ಗೆರಸೆಯಡಿ ಇಟ್ಟರೆ ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಶಾಲೆ ಉಳಿಯಬೇಕಾದರೆ ಶಾಲೆಯಲ್ಲಿ ಕಲಿತ ಅಕ್ಷರ ಜೀವನದಲ್ಲಿ ಉಪಯೋಗಕ್ಕೆ ಬರಬೇಕು.

ಮುಂದಿನ ಮಾತ್ರೆಯ ದಿನಕ್ಕೆ ಮುಂಚೆ

ಅಧ್ಯಾಪಕ ಮಿತ್ರರೇ, ಚೀಟಿ ಯಾವ ಭಾಷೆಯಲ್ಲಿ ಬಂದರೂ ಅದನ್ನು ತರಗತಿಯಲ್ಲಿ ಕನ್ನಡದಲ್ಲಿ ಹೇಳಿ, ಮಕ್ಕಳಿಂದ ನೋಟುಬುಕ್ಕಿನಲ್ಲಿ ಬರೆಯಿಸಿ, ತಾಯಿಯ ಎದುರು ಓದಿ ಸಹಿ ಹಾಕಿಸಿ ತರಲು ಹೇಳಿ. ಅದೇ ಆ ದಿನದ ಕಾಪಿ ಬರವಣಿಗೆಯಾಗಲಿ. ಮಾತ್ರೆಯ ದಿನ ಬಾರದ ಮಕ್ಕಳ ಪಟ್ಟಿ ಮಾಡಿ, ಕಾರಣ ಕೇಳಿ ಪಕ್ಕದಲ್ಲಿ ಬರೆಯಿರಿ. "ಚೀಟಿ ಓದಲಾಗಲಿಲ್ಲ" ಎಂಬ ಕಾರಣ ಎಷ್ಟು ಸಲ ಬಂತೆಂದು ಎಣಿಸಿ ಈ ಪತ್ರಿಕೆಗೆ ತಿಳಿಸಿ. ಆಯುಕ್ತರ ಎದುರು ಇಡಲು ನಮಗೆ ಅಂಥ ಲೆಕ್ಕವೇ ಬೇಕು. ಬೆಂಚಿಗೆ ತಲೆಯಿಟ್ಟು ಮಲಗುವ ಮಗುವನ್ನು ಬೈಯುವ ಮುಂಚೆ ಅದರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ.

ಹೆತ್ತವರೇ, ಓದಲಾಗದ ಕಾಗದ ಬಂದರೆ ಮಡಚಿ ಇಡಬೇಡಿ. ಶಾಲೆಗೆ ವಾಪಸು ತಂದು, "ಇದು ಕನ್ನಡದಲ್ಲಿ ಬೇಕು" ಎಂದು ಹೇಳಿ. ಹೇಳಲು ನಾಚಿಕೆ ಬೇಡ. ಓದಲಾಗದ ಕಾಗದ ಕೊಟ್ಟವರು ನಾಚಬೇಕು.

ರಕ್ಷಕ-ಶಿಕ್ಷಕ ಸಂಘದವರೇ, ಕನ್ನಡಪರ ಸಂಘಟನೆಯವರೇ, ಒಂದೇ ಒಂದು ಸಾಲಿನ ಅರ್ಜಿಯನ್ನು ಕನ್ನಡದಲ್ಲಿ ಬರೆಯಿರಿ: ಕನ್ನಡ ಮಾಧ್ಯಮ ಶಾಲೆ ಮತ್ತು ಅಂಗನವಾಡಿಗಳಿಗೆ ಕಳುಹಿಸುವ ಆರೋಗ್ಯದ ಎಲ್ಲ ಪ್ರಕಟಣೆಗಳೂ ಕನ್ನಡದಲ್ಲಿರಬೇಕು. ಅದನ್ನು ಜಿಲ್ಲಾ ವೈದ್ಯಾಧಿಕಾರಿಗೆ, ಜಿಲ್ಲಾಧಿಕಾರಿಗೆ, ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಕಳುಹಿಸಿ. ಉತ್ತರ ಬಾರದಿದ್ದರೆ ತಿಂಗಳಿಗೊಮ್ಮೆ ಕಳುಹಿಸುತ್ತಲೇ ಇರಿ.

ನಾನು ಆ ಎರಡು ಚೀಟಿಗಳನ್ನು ತಾಯಿಯ ಹತ್ತಿರ ಕೇಳಿ ತೆಗೆದುಕೊಂಡು ಬಂದೆ. ನನ್ನ ಹಾಜರಿ ಪುಸ್ತಕದೊಳಗೆ ಇವತ್ತಿಗೂ ಇವೆ. ಮುಂದಿನ ಚೀಟಿ ಕನ್ನಡದಲ್ಲಿ ಬಂದ ದಿನ ಅವನ್ನು ಹರಿದು ಹಾಕುತ್ತೇನೆ.